ನೀಲಿಕಲ್ಲು ಅರೆದ ಶ್ರಾವಣ

ಹೋದ ವಾರ ಪಕ್ಕದ ಮನೆಯ ಹೆಂಗಸು ಹಿತ್ತಲಲ್ಲಿ ಸೋಪು ಮಾಡಲು ಕೂತಿದ್ದಳು. ಮಿರ್ಚಿ ಬಂಡಿಯವರು ಕರಿದು ಕರಿದು ಬಿಸಾಡುವ ಕಪ್ಪೆಣ್ಣೆಯನ್ನು ಡಬ್ಬಿಯಲ್ಲಿ ತಂದು, ಕಾಸ್ಟಿಕ್ ಸೋಡಾ ಸುರಿದು, ಮುರುಕು ಕೋಲಿನಿಂದ ತಿರುಗಿಸುತ್ತಿದ್ದಳು. ಬಳ್ಳಾರಿಯ ಬಿಸಿಲಿಗೆ ಆ ವಾಸನೆ ಗೋಡೆ ಹಾರಿ ನಮ್ಮ ಅಡುಗೆಮನೆಗೆ ಬಂತು. ನಾನು ಒಲೆಯ ಮೇಲಿನ ಹಾಲು ಬಿಟ್ಟು ಬಚ್ಚಲಿಗೆ ಓಡಿದೆ. ಓಕರಿಸಿದ ಸದ್ದು ಆಕೆಗೂ ಕೇಳಿಸಿರಬೇಕು.

"ಏನ್ರೀ ಟೀಚರ್, ವಿಶೇಷ ಏನಾರ ಐತೇನು?" ಎಂದು ಗೋಡೆಯಾಚೆಯಿಂದ ನಕ್ಕಳು.

ವಿಶೇಷವೂ ಇಲ್ಲ, ಮಣ್ಣೂ ಇಲ್ಲ. ಹಾಲು ಉಕ್ಕಿ ಒಲೆ ಹಾಳಾಯಿತು, ಅಷ್ಟೆ. ಆದರೆ ಬಾಯಿ ಮುಕ್ಕಳಿಸುತ್ತ ನಿಂತಾಗ ನನಗೆ ಆ ಒಂದು ವರ್ಷ, ಅದರಲ್ಲೂ ಆ ಒಂದು ಶ್ರಾವಣ, ಗಂಟಲಿನವರೆಗೆ ಬಂದು ನಿಂತಿತು. ಈಗ ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತೇನೆ. ಆಗ ಎಂ.ಎಸ್ಸಿ. ಮುಗಿಸಿ ಒಂದು ವರ್ಷ ಬಳ್ಳಾರಿಯಲ್ಲೇ ಒಂದು ಖಾಸಗಿ ಲ್ಯಾಬಿನಲ್ಲಿದ್ದೆ. ಆಮೇಲೆ ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ. ಹೇಳುವಂಥ ಘನಕಾರ್ಯವೂ ಅಲ್ಲ.

ಲ್ಯಾಬು ಎಂದರೆ ಮಾಳಿಗೆಯ ಮೇಲೆ ಎರಡು ಕೋಣೆ. ಖಾರದಪುಡಿಗೆ ಬಣ್ಣ ಬೆರೆಸಿದ್ದಾರೋ, ಶೇಂಗಾಕ್ಕೆ ಬೂಷ್ಟು ಹಿಡಿದಿದೆಯೋ, ಅಕ್ಕಿಯಲ್ಲಿ ಕೀಟದ ಔಷಧಿ ಉಳಿದಿದೆಯೋ, ಇಂಥವನ್ನು ನೋಡಿ ಕಾಗದ ಬರೆದುಕೊಡುವ ಕೆಲಸ. ನಾನು ಕುರುಗೋಡಿನಿಂದ ದಿನಾ ಬಸ್ಸಿಗೆ ಬರುತ್ತಿದ್ದೆ. ಖಾರದಪುಡಿಗೆ ಸೀನುತ್ತ ಆರಾಮಾಗಿಯೇ ಇದ್ದೆ. ಆಗ ಸಿರುಗುಪ್ಪದಿಂದ ಹಚ್ಚೊಳ್ಳಿಗೆ ಹೋಗುವ ದಾರಿಯಲ್ಲಿ ಅಕ್ಕಿ ಮಿಲ್ಲು ಇಟ್ಟುಕೊಂಡಿದ್ದ ಒಬ್ಬ ಸಾಹುಕಾರನಿಗೆ ಎಲ್ಲಿಲ್ಲದ ಹುಕಿ ಹತ್ತಿತು. ಮಿಲ್ಲಿನ ಪಕ್ಕ ಕೋಲ್ಡ್ ಸ್ಟೋರೇಜ್ ಕಟ್ಟಿಸಿದ. ಕರಾವಳಿಯಿಂದ ಐಸಿನ ಪೆಟ್ಟಿಗೆಗಳಲ್ಲಿ ಸಮುದ್ರದ ಚಿಪ್ಪು ತರಿಸಿ ಬಳ್ಳಾರಿಯ ಹೋಟೆಲುಗಳಿಗೆ ಕೊಡತೊಡಗಿದ. ಬಂದ ಮಾಲಿನಿಂದ ಒಂದಿಷ್ಟು ಆರಿಸಿ ತಂದು, ವಿಷ ಇದೆಯೋ ಇಲ್ಲವೋ ನೋಡಿ ಹೇಳುವುದು ನಮ್ಮ ಪಾಲಿಗೆ ಬಂತು.

ಕರಾವಳಿಯವರು ಅದಕ್ಕೆ ನೀಲಿಕಲ್ಲು ಅನ್ನುತ್ತಾರಂತೆ. ಹೆಸರೇನೋ ಚೆಂದ. ಬಿಡಿಸಿದರೆ ತಿಳಿಯುತ್ತದೆ. ಚಾಕುವಿನ ತುದಿ ತೂರಿಸಿ ಚಿಪ್ಪು ತೆರೆದರೆ ಒಳಗೆ ಹಳದಿ ಲೋಳೆ, ನೂಲಿನಂಥ ಗಡ್ಡ, ನಡುವೆ ಕಪ್ಪು ಹಸಿರಿನ ಮೆತ್ತನೆಯ ಗಂಟು. ಆ ಗಂಟೇ ಅದರ ಜೀರ್ಣದ ಜಾಗ, ವಿಷ ಕೂಡುವುದೂ ಅಲ್ಲೇ. ಎಲ್ಲವನ್ನೂ ಒಟ್ಟಿಗೆ ಮಿಕ್ಸರಿಗೆ ಹಾಕಿ ಅರೆಯಬೇಕು. ನಮ್ಮ ಮನೆಯಲ್ಲಿ ಕಡಲೆ ಚಟ್ನಿ ಅರೆಯುವಂಥದೇ ಮಿಕ್ಸರು! ಅರೆದದ್ದು ನೊರೆ ಬಂದು ಮುಚ್ಚಳದ ಸಂದಿಯಿಂದ ನನ್ನ ಬೆರಳಿಗೆ ಇಳಿಯುತ್ತಿತ್ತು. ಥೂ! ಅಯ್ನೋರ, ಅಂದರೆ ಜಂಗಮರ, ಮನೆಯ ಮಗಳು ನಾನು, ಮೊಟ್ಟೆಯನ್ನೂ ಮುಟ್ಟಿದವಳಲ್ಲ. ಮೊದಲ ದಿನ ಮೂರು ಸಲ ವಾಂತಿ ಮಾಡಿಕೊಂಡೆ. ಆಮೇಲೆ ವಾಂತಿ ನಿಂತಿತು, ಅಸಹ್ಯ ನಿಲ್ಲಲಿಲ್ಲ.

ಕೆಲಸ ಕಲಿಸಿದವರು ಖಾದರ್ ಸಾಬರು. ಲ್ಯಾಬಿನಲ್ಲಿ ನನಗಿಂತ ಹಿರಿಯರು, ಮೊದಲು ಕರಾವಳಿಯ ಮೀನಿನ ಕಾರ್ಖಾನೆಯೊಂದರಲ್ಲಿ ಇದ್ದು ಬಂದವರು. ಪಾನ್ ಜಗಿಯುತ್ತ, ಆತುರವಿಲ್ಲದೆ ಹೇಳಿಕೊಟ್ಟರು.

"ನೋಡಮ್ಮಾ, ಸಮುದ್ರದ ನೀರಾಗ ಕಣ್ಣಿಗೆ ಕಾಣದಂಥ ಪಾಚಿ ಇರತಾವು. ಕೆಲವುಕ್ಕ ವಿಷ. ಈ ಚಿಪ್ಪು ನೀರು ಸೋಸಿ ಸೋಸಿ ಅದನ್ನ ತಿಂತೈತಿ. ಆದ್ರ ತಾನು ಸಾಯಂಗಿಲ್ಲ. ಭಾಳ ಹುಷಾರಿ ಜೀವ. ವಿಷಕ್ಕ ಕೊಬ್ಬಿನ ಬಾಲ ಜೋಡಿಸಿ, ಬ್ಯಾರೇನ ಮಾಡಿ ಒಳಗ ಇಟ್ಕೊಂತೈತಿ."

"ಬ್ಯಾರೆ ಮಾಡಿತು ಅಂದ್ರ ವಿಷ ಹೋತಲ್ಲ?"

"ಎಲ್ಲಿ ಹೋತು? ವೇಷ ಹಾಕ್ಕೊಂತು. ನಮ್ಮ ಪರೀಕ್ಷಾದ ತಟ್ಟಿಗೆ ಬಾಲ ಇಲ್ಲದ ವಿಷದ ಗುರುತಷ್ಟ ಐತಿ. ಬಾಲ ಇದ್ದದ್ದು ಮುಂದ ಹಾದು ಹೋದ್ರೂ ಸಲಾಂ ಹೊಡದು ಬಿಡತೈತಿ. ಆದ್ರ ಮನುಷ್ಯಾನ ಹೊಟ್ಟಿ ಆ ಬಾಲ ಕತ್ತರಿಸಿ ಒಗೀತೈತಿ. ಅಲ್ಲಿ ಮತ್ತ ವಿಷದ ವಿಷಾನ."

"ಅಡಿಗಿ ಮಾಡಿದ್ರ?"

"ನಿಮ್ಮ ಒಲಿ ಬೆಂಕಿಗೆ ಅದು ಅಂಜಂಗಿಲ್ಲ. ಅದಕ್ಕ ಹೊಟ್ಟಿಗಿಂತ ಮೊದ್ಲ ನಾವ ಬಾಲ ಕತ್ತರಿಸಿ ನೋಡಬೇಕು. ಕಾಸ್ಟಿಕ್ ಹಾಕಿ ಬಿಸಿ ಮಾಡು. ಕೊಬ್ಬು ಸೋಪಾಗಿ ಬಿಡತೈತಿ, ವಿಷ ಬೆತ್ತಲಾಗಿ ಈಚಿಗಿ ಬರತೈತಿ."

ಹೀಗೆ ಪ್ರತಿ ಮಾಲಿಗೂ ಎರಡು ಸಲ ಪರೀಕ್ಷೆ. ಮೊದಲು ಹಾಗೆಯೇ. ಆಮೇಲೆ ಕಾಸ್ಟಿಕ್ ಹಾಕಿ, ಬಿಸಿನೀರಿನ ತೊಟ್ಟಿಯಲ್ಲಿ ಮುಕ್ಕಾಲು ಗಂಟೆ ಇಟ್ಟು, ಆಸಿಡ್ಡು ಬೆರೆಸಿ ಹದಕ್ಕೆ ತಂದು ಇನ್ನೊಂದು ಸಲ. ರಿಜಿಸ್ಟರಿನಲ್ಲಿ ಎರಡು ಖಾನೆ. ಆ ಎರಡನೇ ಖಾನೆಯೇ ನನ್ನ ಪಾಲಿನ ನರಕ. ಚಿಪ್ಪಿನ ಕೊಬ್ಬು ಕಾಸ್ಟಿಕ್ಕಿನಲ್ಲಿ ಬೇಯುವ ನಾತ ಏನೆಂದು ಹೇಳಲಿ! ಸತ್ತ ಇಲಿಯನ್ನು ಬಟ್ಟೆ ಸೋಪಿನಲ್ಲಿ ತೊಳೆದ ಹಾಗೆ. ಸೀಸೆಯ ಮುಚ್ಚಳ ಬಿಚ್ಚಿದ ಕೂಡಲೇ ಕೂದಲಿಗೆ ಹತ್ತುತ್ತಿತ್ತು. ಸಂಜೆ ಬಸ್ಸಿನಲ್ಲಿ ಕೊಳಗಲ್ಲಿನ ಮುದುಕಿಯೊಬ್ಬಳು ಪಕ್ಕದಲ್ಲಿ ಕೂತವಳು, ಸೆರಗಿನಿಂದ ಮೂಗು ಮುಚ್ಚಿ ಎದ್ದು ಹೋಗಿ ತನ್ನೂರು ಬರುವ ತನಕ ನಿಂತೇ ಇದ್ದಳು. ಮನೆಯಲ್ಲಿ ಅವ್ವ ಹೊಸ್ತಿಲಲ್ಲೇ ತಡೆಯುತ್ತಿದ್ದಳು.

"ಅಲ್ಲೇ ನಿಲ್ಲು. ಹಿತ್ತಲಾಗ ತಲಿ ಮ್ಯಾಲ ನೀರು ಹಾಕ್ಕೊಂಡು ಒಳಗ ಬಾ. ಪೂಜಿ ಮನಿ ಐತಿ ಇದು, ಮೀನಿನ ಸಂತಿ ಅಲ್ಲ."

ಸೀಗೆಕಾಯಿ, ಕಡಲೆಹಿಟ್ಟು, ನಿಂಬೆಹಣ್ಣು ಏನು ತಿಕ್ಕಿದರೂ ಆ ನಾತ ಜಡೆಯ ಬುಡದಲ್ಲಿ ಕೂತೇ ಇರುತ್ತಿತ್ತು.

ಮಾಲು ಆರಿಸಿ ತರಲು ವಾರಕ್ಕೊಮ್ಮೆ ಸಿರುಗುಪ್ಪಕ್ಕೆ ಹೋಗಿ, ಅಲ್ಲಿಂದ ಸಿಕ್ಕ ಟ್ರ್ಯಾಕ್ಟರು ಹಿಡಿದು ಮಿಲ್ಲಿಗೆ ಹೋಗುತ್ತಿದ್ದೆ. ಎರಡೂ ಕಡೆ ನಾಟಿಗೆ ನೀರು ಬಿಟ್ಟ ಗದ್ದೆಗಳು, ಮಿಲ್ಲಿನ ಅಂಗಳದಲ್ಲಿ ಹೊಟ್ಟಿನ ಧೂಳು. ಅಲ್ಲೇ ಸುಬ್ಬಮ್ಮನನ್ನು ಕಂಡದ್ದು. ಮಿಲ್ಲಿನ ಹಮಾಲರಿಗೆ ಮಧ್ಯಾಹ್ನದ ಅಡುಗೆ ಮಾಡುವವಳು, ಐವತ್ತು ದಾಟಿದವಳು. ಹುಟ್ಟಿದ್ದು ಆಂಧ್ರದ ಸಮುದ್ರದ ಕಡೆ, ಮದುವೆಯಾಗಿ ಬಂದದ್ದು ಹಚ್ಚೊಳ್ಳಿಯ ಊರಾಚೆಯ ಕೇರಿಗೆ. ಆಕೆಯನ್ನು ಅಡುಗೆಗೆ ಇಟ್ಟುಕೊಂಡಾಗ ಹಮಾಲರ ಮೇಸ್ತ್ರಿ ಬಸಪ್ಪ ತಕರಾರು ತೆಗೆದಿದ್ದನಂತೆ. ಸಾಹುಕಾರ ಕೇಳಲಿಲ್ಲ. ಮೂರು ತಿಂಗಳಾದರೂ ಬಸಪ್ಪ ತಟ್ಟೆ ಹಿಡಿದಾಗ ಮುಖ ಆಚೆ ತಿರುಗಿಸುತ್ತಿದ್ದ. ಉಣ್ಣುವುದೇನೂ ಬಿಡುತ್ತಿರಲಿಲ್ಲ.

"ಇವರು ನನ್ನ ಕೈಯಾಗ ಉಣ್ಣೋದ ದೊಡ್ಡದವ್ವ," ಎಂದು ಸುಬ್ಬಮ್ಮ ಒಮ್ಮೆ ನನಗೆ ಹೇಳಿದ್ದಳು. "ಊರಾಗ ಯಾರ ಮನಿ ಒಲಿ ಮುಂದೂ ನನ್ನ ಕೂಡ್ಸಿಲ್ಲ. ಇಲ್ಲಿ ಇಷ್ಟು ದೊಡ್ಡ ಒಲಿ ಕೊಟ್ಟಾರ. ಈ ಒಲಿ ಒಂದು ಉಳೀಲಿ, ಸಾಕು."

ಶ್ರಾವಣ ಬಂತು. ಖಾದರ್ ಸಾಬರು ಮಗಳ ಮದುವೆಗೆ ರಜೆ ಹಾಕಿ ಹೋದರು. ಮೊದಲನೇ ಸೋಮವಾರ ಮನೆಗೆ ಹಿರಿಯ ಜಂಗಮರೊಬ್ಬರು ಪಾದಪೂಜೆಗೆ ಬಂದಿದ್ದರು. ನಾನು ತಲೆಗೆ ನೀರು ಹಾಕಿಕೊಂಡೇ ಒಳಗೆ ಹೋದೆ. ಆದರೂ ಅವರು ಮೂಗು ಸಿಂಡರಿಸಿ, "ಏನವ್ವ, ಎಲ್ಲೋ ಏನೋ ಸತ್ತಂಗೈತಲ್ಲ" ಎಂದರು. ಅವ್ವ ಅಡುಗೆಮನೆಯ ಮೂಲೆಯಲ್ಲಿ ಅತ್ತಳು. ನನಗೆ ನೆಲ ಬಾಯಿ ಬಿಟ್ಟರೆ ಸಾಕಾಗಿತ್ತು.

ಎರಡನೇ ಸೋಮವಾರ ಹೊಸ ಮಾಲು ನನ್ನ ಮೇಜಿನ ಮೇಲಿತ್ತು. ಮೊದಲ ಪರೀಕ್ಷೆ ಸ್ವಚ್ಛ ಬಂತು. ಅಲ್ಲಿಯವರೆಗೆ ಬಂದ ಎಲ್ಲ ಮಾಲಿಗೂ ಎರಡು ಖಾನೆಯಲ್ಲೂ ಒಂದೇ ಬಗೆಯ ಅಂಕಿ ಬಂದಿತ್ತು. ಸಂಜೆ ಮನೆಯಲ್ಲಿ ಪೂಜೆ. ಕಾಸ್ಟಿಕ್ಕಿನ ಡಬ್ಬಿ ಕೈಗೆತ್ತಿಕೊಂಡೆ. ಮುಚ್ಚಳ ತಿರುಗಿಸುವ ಮೊದಲೇ ಹೊಟ್ಟೆ ತೊಳಸಿತು. ಡಬ್ಬಿ ಕೆಳಗಿಟ್ಟೆ. ಮೊದಲ ಖಾನೆಯ ಅಂಕಿಯನ್ನೇ, ಕೊನೆಯ ಒಂದು ಅಂಕಿ ಆಚೀಚೆ ಮಾಡಿ, ಎರಡನೇ ಖಾನೆಗೆ ಬರೆದೆ. ನನ್ನ ಅಕ್ಷರ ಆ ದಿನ ಬಹಳ ದುಂಡಗಿತ್ತು. ಆಗಲೇ ಬಸ್ಸಿಗೆ ಹೊರಟು, ಬೇಗ ಮನೆ ಸೇರಿ, ಮಡಿಯುಟ್ಟು ಆರತಿ ಹಿಡಿದೆ. ಅವ್ವ ನನ್ನ ತಲೆ ಮೂಸಿ, "ಇವತ್ತು ಛಲೋ ಅದೀ ನೋಡು" ಎಂದಳು.

ಮರುದಿನ ಕಾಗದ ಕೊಡಲು ನಾನೇ ಮಿಲ್ಲಿಗೆ ಹೋದೆ. ಎರಡು ಪೆಟ್ಟಿಗೆಯ ಐಸು ಕರಗಿತ್ತು, ಹೋಟೆಲಿನವರು ಬೇಡವೆಂದಿದ್ದರು. ಸಾಹುಕಾರ ಅದನ್ನು ಹಮಾಲರ ಅಡುಗೆಗೆ ಕೊಟ್ಟಿದ್ದ. ಸುಬ್ಬಮ್ಮ ತವರಿನ ಹಳೆಯ ಸಾಮಾನು ಕಂಡ ಹಾಗೆ ಹಿಗ್ಗಿದ್ದಳು. ಒಂದೊಂದನ್ನೂ ತೊಳೆದು, ಮೂಸಿ, ಬಾಯಿ ಬಿಟ್ಟ ಚಿಪ್ಪನ್ನು ಬೇರೆ ತೆಗೆದಿಟ್ಟಿದ್ದಳು.

"ಅಮ್ಮಾ, ನೀ ಓದಿದಾಕಿ. ಇದು ತಿನ್ನಬೋದೇನು, ಹೇಳು. ನೀ ಹೂಂ ಅಂದ್ರ ಒಲಿ ಮ್ಯಾಲ ಇಡತೀನಿ."

"ತಿನ್ರಿ. ಪರೀಕ್ಷಾ ಮಾಡೀವಿ. ಏನೂ ಇಲ್ಲ," ಎಂದೆ. ಅಂದು ನನ್ನ ನಾಲಿಗೆ ಸೇದಿ ಹೋಗಬಾರದಿತ್ತೇ!

ಬುಧವಾರ ಮಿಲ್ಲಿನ ಗುಮಾಸ್ತನ ಫೋನು ಬಂತು. ಹಿಂದಿನ ಮಧ್ಯಾಹ್ನ ಉಂಡು ಎರಡು ತಾಸಾಗುವುದರೊಳಗೆ ಹಮಾಲರು ಒಬ್ಬೊಬ್ಬರಾಗಿ ಕಾಲುವೆಯ ದಂಡೆಗೆ ಓಡಿದ್ದರು. ಮೇಲಿನಿಂದಲೂ ಕೆಳಗಿನಿಂದಲೂ ತಡೆಯಿಲ್ಲ. ಭತ್ತದ ಚೀಲದ ಮೇಲೆಯೇ ಕಕ್ಕಿದವರಿದ್ದರು, ಪಂಚೆಯಲ್ಲೇ ಆದವರಿದ್ದರು. ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಆಸ್ಪತ್ರೆಗೆ ಒಯ್ಯುವಾಗ ಡ್ರೈವರು ಮೂಗಿಗೆ ಟವೆಲು ಕಟ್ಟಿಕೊಂಡಿದ್ದನಂತೆ. ಎಲ್ಲರ ಜೊತೆ ಉಂಡಿದ್ದ ಸುಬ್ಬಮ್ಮ ಎಲ್ಲರಿಗಿಂತ ಹೆಚ್ಚು ನಿತ್ರಾಣವಾಗಿ ಬಿದ್ದಿದ್ದಳು.

"ನಿಮ್ದೇನಿಲ್ಲ ಬಿಡ್ರಿ ಮೇಡಂ. ನಿಮ್ಮ ಕಾಗದ ಪಾಕ್ ಸಾಫ್ ಐತಿ. ಆಕಿ ಕೈ ಹೊಲಸು. ಬಸಪ್ಪ ಮೊದಲ ಹೇಳಿದ್ದ, ಕೇಳಲಿಲ್ಲ ಯಾರೂ. ಬಿಡಿಸಿಬಿಟ್ಟಾರ ಆಕಿನ್ನ."

ಫೋನು ಇಟ್ಟಾಗ ನನಗೆ ಮೊದಲು ಬಂದದ್ದು ನಿಟ್ಟುಸಿರು. ನನ್ನ ಮೇಲೆ ಬರಲಿಲ್ಲ ಎಂಬ ನಿಟ್ಟುಸಿರು. ಅದನ್ನು ನೆನೆದರೆ ಈಗಲೂ ನನ್ನ ಮುಖಕ್ಕೆ ನಾನೇ ಉಗಿಯಬೇಕೆನಿಸುತ್ತದೆ. ಚಿಪ್ಪಿನ ಲೋಳೆ ಕೂಡ ಅಷ್ಟು ಹೇಸಿಗೆಯಾಗಿರಲಿಲ್ಲ.

ಫ್ರಿಜ್ಜಿನಲ್ಲಿ ಸೋಮವಾರ ಅರೆದ ಚಿಪ್ಪಿನ ರಸ ಉಳಿದಿತ್ತು. ಕಾಸ್ಟಿಕ್ ಹಾಕಿದೆ, ಬಿಸಿನೀರಿಗೆ ಇಟ್ಟೆ. ಮುಕ್ಕಾಲು ಗಂಟೆ ಅಲ್ಲೇ ನಿಂತಿದ್ದೆ. ಮುಚ್ಚಳ ಬಿಚ್ಚಿ, ಆಸಿಡ್ಡು ಬೆರೆಸಿ ತಟ್ಟೆಗೆ ಹಾಕಿದೆ. ನಮ್ಮ ತಟ್ಟೆಯಲ್ಲಿ ಬಣ್ಣ ಎದ್ದರೆ ಮಾಲು ಸ್ವಚ್ಛ, ಏಳದಿದ್ದರೆ ವಿಷ. ಬಣ್ಣ ಏಳಲೇ ಇಲ್ಲ. ಇನ್ನೊಮ್ಮೆ ಮಾಡಿದೆ. ನೀರಿನಷ್ಟು ಬಿಳಿಚಿಕೊಂಡು ಕೂತಿತ್ತು. ನಾನು ಬರೆದ ದುಂಡನೆಯ ಅಕ್ಷರಗಳ ಹಿಂದೆ ಆ ಚಿಪ್ಪು ತನ್ನ ವಿಷವನ್ನೆಲ್ಲ ಕೊಬ್ಬು ಸವರಿ ಬಚ್ಚಿಟ್ಟಿತ್ತು.

ಲ್ಯಾಬಿನ ಮಾಲೀಕನ ಮುಂದೆ ರಿಜಿಸ್ಟರು ಇಟ್ಟು ಎಲ್ಲ ಹೇಳಿದೆ. ಆತ ಇಡ್ಲಿ ತಿನ್ನುತ್ತಿದ್ದ. ಚಟ್ನಿ ನೆಕ್ಕುತ್ತಲೇ ಹೇಳಿದ:

"ಕಾಗದ ಹೋಗಿ ಆತಲ್ಲವ್ವ. ಇದೇನು ಜೀವ ತೆಗಿಯೋ ವಿಷ ಅಲ್ಲ. ಮೂರು ದಿನಕ್ಕ ಎದ್ದು ಕೂಡತಾರ. ಉಳಿದ ಪೆಟ್ಟಿಗಿ ಕೆಟ್ಟಾವ ಅಂತ ಹೇಳಿ ಚೆಲ್ಲಸ್ತೀನಿ. ಅಡಿಗಿಯಾಕಿ ಬ್ಯಾರೆ ಕಡಿ ಮಾಡ್ಕೊಂತಾಳ. ನೀನ್ಯಾಕ ಹೊಲಸು ಕೆದರ್ತಿ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನನಗೆ ಆತನ ತುಟಿಯ ಚಟ್ನಿ ನೋಡಿ ಮೈ ಉರಿಯಿತು. "ಕೆದರತೀನ್ರಿ," ಎಂದೆ. ಪೆಟ್ಟಿಗೆಗಳನ್ನು ಆತ ನಿಜವಾಗಿಯೂ ಚೆಲ್ಲಿಸಿದ, ಅಷ್ಟು ಒಳ್ಳೆಯದಾಯಿತು. ಮರುದಿನದಿಂದ ನಾನು ಅಲ್ಲಿಗೆ ಹೋಗಲಿಲ್ಲ.

ಮುಂದಿನ ಸೋಮವಾರ ಹಚ್ಚೊಳ್ಳಿಯ ಕೇರಿಗೆ ಹೋದೆ. ಸುಬ್ಬಮ್ಮ ನುಲಿ ಮಂಚದ ಮೇಲೆ ಮಲಗಿದ್ದಳು. ಗೋಡೆಗೆ ಬುದ್ಧನ ಪಟ, ಅದರ ಕೆಳಗೆ ಬೆಳಗಿಟ್ಟ ಪಾತ್ರೆಗಳ ಸಾಲು. ನೆಲ ನಮ್ಮ ಪೂಜೆಮನೆಯ ನೆಲಕ್ಕಿಂತ ಚೊಕ್ಕಟವಾಗಿತ್ತು. ನಾನು ನಿಂತುಕೊಂಡೇ ಎಲ್ಲ ಹೇಳಿದೆ, ಬಾಲ, ಕೊಬ್ಬು, ಕಾಸ್ಟಿಕ್ಕು, ಎರಡನೇ ಖಾನೆ. ಆಕೆ ಅರ್ಥವಾಗದ ಕಡೆ ತಡೆದು ಕೇಳಿದಳು, ಅರ್ಥ ಮಾಡಿಕೊಂಡಳು.

"ಅಂದ್ರ ಅದು ಚಿಪ್ಪಿನೊಳಗ ಇತ್ತು. ನಾ ತೊಳದ್ರೂ ಹೋಗ್ತಿರಲಿಲ್ಲ."

"ಇಲ್ಲ. ಯಾರು ತೊಳದ್ರೂ, ಎಷ್ಟು ಬೇಯಿಸಿದ್ರೂ ಹೋಗ್ತಿರಲಿಲ್ಲ."

"ಮತ್ತ ಆ ಕಾಸ್ಟಿಕ್ ಹಾಕೋದು ಯಾಕ ಬಿಟ್ಟಿ?"

"ನಾತ ತಡೀಲಾರದ," ಎಂದೆ.

ಸುಬ್ಬಮ್ಮ ಮಂಚದ ಮೇಲೆ ಎದ್ದು ಕೂತಳು. "ನನಗೂ ಮೂಗು ಐತವ್ವ," ಎಂದಳು. "ಆಸ್ಪತ್ರಿಯಾಗ ಮಂದಿ ಏನಂದ್ರು ಗೊತ್ತೇನು? ಈಕಿ ಉಗುರು ನೋಡ್ರಿ, ಉಗುರು ನೋಡ್ರಿ ಅಂದ್ರು. ಸಲೈನ್ ಹಾಕಿದ ಕೈನ ಎತ್ತಿ ಎತ್ತಿ ನೋಡಿದ್ರು." ಆಮೇಲೆ ಮಂಚದಿಂದ ಕಾಲು ಇಳಿಸಿದಳು. "ನನಗ ಹೇಳಿದ್ರ ಏನಾತು? ನಡಿ. ಮಿಲ್ಲಿನಾಗ ಹೇಳು."

ಮಧ್ಯಾಹ್ನದ ಹೊತ್ತಿಗೆ ಮಿಲ್ಲು ಸೇರಿದೆವು. ಸುಬ್ಬಮ್ಮ ಹೋದಮೇಲೆ ಆ ಒಲೆ ಹೊತ್ತಿರಲಿಲ್ಲ, ಹಮಾಲರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಎಲ್ಲರ ಕಣ್ಣೂ ಇನ್ನೂ ಗುಳಿ ಬಿದ್ದಿದ್ದವು. ನಾನು ಚೀಲಗಳ ಮುಂದೆ ನಿಂತು ಹೇಳಿದೆ. ತಪ್ಪು ನನ್ನದು, ನೋಡಬೇಕಾದ್ದು ನೋಡದೆ ಸುಳ್ಳು ಬರೆದೆ, ಈ ಹೆಂಗಸಿನ ಕೈಯಲ್ಲಿ ಏನೂ ಇರಲಿಲ್ಲ ಎಂದೆ. ಸಾಹುಕಾರ ಕಚೇರಿಯ ಬಾಗಿಲಲ್ಲಿ ನಿಂತು ಕೇಳಿ, ನನ್ನ ಕಡೆಗೊಂದು ಬೈಗುಳ ಎಸೆದು ಒಳಗೆ ಹೋದ.

ಬಸಪ್ಪ ರೊಟ್ಟಿ ಮುರಿಯುತ್ತ ಹೇಳಿದ: "ಬಾಲ ಗೀಲ ನಮಗೇನು ತಿಳೀತೈತ್ರಿ? ಈಕಿ ಕೈಯಾಗ ಉಂಡ್ವಿ, ಬಿದ್ವಿ. ಅಷ್ಟ ಗೊತ್ತು. ನೀವು ಕುರುಗೋಡಿನ ಅಯ್ನೋರ ಮಗಳಂತ, ಹೌದಿಲ್ಲೋ? ನೀವು ಉಣ್ತೀರೇನು ಈಕಿ ಕೈಯಾಗ? ಬಾಯಿಲೆ ಹೇಳೋದು ಸಸಾರ."

ನಾನು ಬಾಯಿ ತೆರೆಯುವ ಮೊದಲೇ ಸುಬ್ಬಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆಯ ಕಡೆ ನಡೆದಿದ್ದಳು. ಮೂರು ಕಡ್ಡಿ ಗೀರಿದಳು, ಕೈಯಲ್ಲಿ ಶಕ್ತಿಯಿರಲಿಲ್ಲ. ಎಲ್ಲರಿಗೂ ಕಾಣುವಂತೆ ಕೈ ತೊಳೆದು, ಅಕ್ಕಿ ತೊಳೆದು, ಅನ್ನಕ್ಕಿಟ್ಟು, ಪಕ್ಕದಲ್ಲಿ ಬೇಳೆ ಸಾರು ಮಾಡಿದಳು. ಅಷ್ಟು ಹೊತ್ತೂ ಹಮಾಲರು ಎದ್ದು ಹೋಗಲಿಲ್ಲ. ಅನ್ನ ಇಳಿಸಿ, ಒಂದು ತಟ್ಟೆಗೆ ಬಡಿಸಿ, ನಡುವೆ ತಂದು ನನ್ನ ಮುಂದೆ ಇಟ್ಟಳು.

"ಈಕಿ ಉಣ್ಣಲಿ ಮೊದ್ಲು," ಎಂದಳು.

ಮಾಡಿದ್ದುಣ್ಣೋ ಮಹಾರಾಯ. ಶ್ರಾವಣ ಸೋಮವಾರದ ಉಪವಾಸ ನನ್ನದು. ನೆಲದ ಮೇಲೆ ಕೂತು ತಟ್ಟೆ ಎಳೆದುಕೊಂಡೆ. ಮೊದಲ ತುತ್ತು ಇಳಿಯಿತು. ಬೇಳೆ ಹದವಾಗಿ ಬೆಂದಿತ್ತು, ಉಪ್ಪು ಹುಳಿ ಸರಿಯಿತ್ತು, ಯಾವ ವಾಸನೆಯೂ ಇರಲಿಲ್ಲ. ಎರಡನೇ ತುತ್ತು ಬಾಯಲ್ಲೇ ಉಳಿಯಿತು. ಕಾಸ್ಟಿಕ್ಕಿನ ಡಬ್ಬಿ ಹಿಡಿದಾಗ ತೊಳಸಿದ ಹಾಗೆಯೇ ಹೊಟ್ಟೆ ತೊಳಸಿತು. ತಟ್ಟೆಯಲ್ಲಿ ಬರೀ ಅನ್ನ ಸಾರು ಇತ್ತು, ತಪ್ಪೊಪ್ಪಿಕೊಂಡು ಇನ್ನೂ ಒಂದು ತಾಸಾಗಿರಲಿಲ್ಲ, ಆದರೂ ತೊಳಸಿತು. ಕಣ್ಣಲ್ಲಿ ನೀರು ಬಂತು. ಬಸಪ್ಪ ನನ್ನ ದವಡೆಯನ್ನೇ ನೋಡುತ್ತಿದ್ದ.

ಸುಬ್ಬಮ್ಮ ಸೌಟು ಹಿಡಿದು ಸಾರು ಬಡಿಸಲು ಬಂದಳು. ನನ್ನ ಮುಖ ನೋಡಿದಳು. ಗಂಟಲಲ್ಲಿ ನಿಂತದ್ದು ಅನ್ನವಲ್ಲ, ತನ್ನ ಕೈ ಎಂದು ಆಕೆಗೆ ತಿಳಿಯಿತು. ಹಮಾಲರಿಗೆ ಬೆನ್ನಾಗುವ ಹಾಗೆ ಬಗ್ಗಿ, ನನಗಷ್ಟೇ ಕೇಳುವ ಹಾಗೆ ಹೇಳಿದಳು:

"ನುಂಗವ್ವ. ಮಂದಿ ನೋಡಾಕತ್ಯಾರ."

ನುಂಗಿದೆ. ಸ್ವಲ್ಪ ಹೊತ್ತಿಗೆ ಬಸಪ್ಪ ತನ್ನ ತಟ್ಟೆ ಚಾಚಿದ.